ಬಹುವಚನ

ಆರನೇ ತರಗತಿ ಬಿ ವಿಭಾಗದಲ್ಲಿ ನಲವತ್ತೊಂದು ಮಕ್ಕಳಿದ್ದರು. ಅವರಲ್ಲಿ ನಲವತ್ತು ಮಕ್ಕಳ ಅಮ್ಮಂದಿರು ಗೇಟಿನ ಆಚೆಯವರು. ಒಬ್ಬಳ ಅಮ್ಮ ಮಾತ್ರ ಗೇಟಿನ ಒಳಗಿನವಳು. ದಿನಾ ಬೆಳಗ್ಗೆ ಎಲ್ಲರಿಗಿಂತ ಒಂದೂವರೆ ಗಂಟೆ ಮೊದಲೇ ಬಂದು ಆರು ಪಾಯಿಖಾನೆ, ಹದಿನಾಲ್ಕು ಕೋಣೆ, ಎರಡು ಕಡೆಯ ಮೆಟ್ಟಿಲು ತೊಳೆದು ಒರೆಸುವುದು ಅವಳ ಕೆಲಸ. ಅವಳಿಗೆ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಕರೆಯುವುದಕ್ಕೆ ಮಾತ್ರ ಎಲ್ಲರಿಗೂ ಅವಳು ಆಯಾ. ಒಂದನೇ ತರಗತಿಯ ಹಲ್ಲು ಬಿದ್ದ ಪೋರರೂ ಬಾಗಿಲಲ್ಲಿ ನಿಂತು, "ಏ ಆಯಾ, ಬಾ ಇಲ್ಲಿ, ಇವನು ವಾಂತಿ ಮಾಡ್ಕೊಂಡ" ಎಂದು ಕೂಗುವರು. ಅವಳು ಬಕೆಟ್ ಎತ್ತಿಕೊಂಡು ಹೋಗುವಳು.

ಅವಳ ಮಗಳಿಗೆ ಕ್ಲಾಸಿನಲ್ಲಿ ಎರಡು ಅಡ್ಡಹೆಸರು. ಒಂದು ಫಿನಾಯಿಲ್. ಇನ್ನೊಂದು ಕುಳ್ಳಿ. ಮೊದಲನೆಯದನ್ನು ಮೂವತ್ತೊಂಬತ್ತು ಮಂದಿ ಕರೆಯುತ್ತಿದ್ದರು, ಎರಡನೆಯದನ್ನು ಒಬ್ಬಳೇ. ಆ ಒಬ್ಬಳು ಅವಳ ಬೆಂಚಿನಲ್ಲೇ ಕೂರುವ, ಬಸ್ ಡ್ರೈವರನ ಮಗಳು. ಉದ್ದಕ್ಕೆ, ತೆಳ್ಳಗೆ, ಗಾಳಿ ಬೀಸಿದರೆ ಬಾಗುವ ಹಾಗಿದ್ದಳು. ಹಾಗಾಗಿ ಕುಳ್ಳಿ ಅವಳಿಗೆ ಕಡ್ಡಿ ಎಂದು ಹೆಸರಿಟ್ಟು ಲೆಕ್ಕ ಸರಿಮಾಡಿಕೊಂಡಿದ್ದಳು. "ಕುಳ್ಳಿ, ನಿನ್ನ ರಬ್ಬರ್ ಕೊಡೇ." "ನಿನ್ನದು ನಿನ್ನೆ ತಾನೇ ತಿಂದು ಹಾಕಿದ್ಯಲ್ಲೇ ಕಡ್ಡಿ." ದಿನಕ್ಕೆ ಇಂಥ ನೂರು ಮಾತು. ಒಂದರಲ್ಲೂ ತಲೆಬುಡವಿಲ್ಲ. ಕುಳ್ಳಿಗೆ ಶಾಲೆ ಎಂದರೆ ಅಷ್ಟೇ ಆಗಿತ್ತು, ಅದಷ್ಟೇ ಸಾಕೂ ಆಗಿತ್ತು.

ಒಂದು ದಿನ ಆಟದ ಪೀರಿಯಡ್ ಮುಗಿಸಿ ಬಂದಾಗ ಕುಳ್ಳಿಯ ಚೀಲ ಬೆಂಚಿನ ಕೆಳಗೆ ಒದ್ದೆಯಾಗಿ ಬಿದ್ದಿತ್ತು. ಯಾರೋ ಪಾಯಿಖಾನೆಯ ಕಿಟಕಿಯಿಂದ ಫಿನಾಯಿಲ್ ಬಾಟಲಿ ತಂದು ಚೀಲದೊಳಗೆ ಪೂರ್ತಿ ಬಗ್ಗಿಸಿದ್ದರು. ಪುಸ್ತಕಗಳೆಲ್ಲ ಉಬ್ಬಿ, ಬರೆದದ್ದೆಲ್ಲ ಹರಡಿ, ಊಟದ ಡಬ್ಬಿಯ ಒಳಗೂ ಅದೇ ವಾಸನೆ. ಕ್ಲಾಸು ಮೂಗು ಮುಚ್ಚಿಕೊಂಡು ನಕ್ಕಿತು. ಆಮೇಲೆ ಹೆಡ್‌ಮಾಸ್ಟರು ಬಂದರು, ವಿಚಾರಣೆ ನಡೆಸಿದರು, ಅಪರಾಧಿಯನ್ನೂ ಕಂಡುಹಿಡಿದರು: ಮಕ್ಕಳ ಕೈಗೆ ಸಿಗುವ ಹಾಗೆ ಬಾಟಲಿ ಇಟ್ಟಿದ್ದ ಆಯಾ. "ನಿಂಗೆ ಬುದ್ಧಿ ಬೇಡ್ವಾ? ಯಾವುದಾದ್ರೂ ಮಗು ಕುಡಿದಿದ್ರೆ?" ಎಂದು ಎಲ್ಲರೆದುರಿಗೆ ಬೈದರು. ಆಯಾ ತಲೆ ತಗ್ಗಿಸಿ ತಪ್ಪಾಯ್ತು ಎಂದಳು. ಮಗಳು ತಾಯಿಯನ್ನು ನೋಡದೆ ಕಿಟಕಿಯನ್ನು ನೋಡುತ್ತಿದ್ದಳು.

ಆದರೆ ಕ್ಲಾಸ್ ಟೀಚರಿಗೆ ಇದು ಸರಿ ಕಾಣಲಿಲ್ಲ. ಟೀಚರು ಒಳ್ಳೆಯವರು, ಇದನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಅವರ ಒಳ್ಳೆಯತನದಿಂದಲೇ ಆದದ್ದು. ಆಗಷ್ಟೇ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದರು. ಒಂದು ಫೈಲು, ಒಂದು ಬ್ಯಾಡ್ಜು, ಗೋಡೆಗೆ ಅಂಟಿಸಲು ಒಂದು ದೊಡ್ಡ ಚಿತ್ರ ತಂದಿದ್ದರು. ಚಿತ್ರದಲ್ಲಿ ಒಂದು ಸಾಲು ಮಕ್ಕಳು ಕೈಕೈ ಹಿಡಿದು ನಿಂತಿದ್ದರು, ಕೆಳಗೆ 'ಅನ್ಯಾಯ ಕಂಡರೆ ಎದ್ದು ನಿಲ್ಲು' ಎಂದು ಬರೆದಿತ್ತು.

"ಯಾರನ್ನಾದ್ರೂ ಯಾರಾದ್ರೂ ಹೀಯಾಳಿಸಿದ್ರೆ ನೀವೇನು ಮಾಡ್ಬೇಕು?" ಎಂದು ಟೀಚರು ಕೇಳಿದರು.

"ಎದ್ದು ನಿಲ್ಬೇಕು, ಟೀಚರ್" ಎಂದು ಕ್ಲಾಸು ರಾಗವಾಗಿ ಹೇಳಿತು. ಆ ಕ್ಲಾಸಿನಲ್ಲಿ ಎದ್ದು ನಿಲ್ಲುವುದೆಂದರೆ ಮನೆಗೆಲಸ ಮಾಡದವರಿಗೆ ಕೊಡುವ ಶಿಕ್ಷೆ. ಅನ್ಯಾಯ ಕಂಡವರಿಗೂ ಅದೇ ಶಿಕ್ಷೆ ಯಾಕೆ ಎಂದು ಹಿಂದಿನ ಬೆಂಚಿನವನೊಬ್ಬ ಪಿಸುಗುಟ್ಟಿದ, ಸುತ್ತಲಿನವರು ಕಿಸಕ್ಕೆಂದರು.

ಟೀಚರು ರಾತ್ರಿಯೆಲ್ಲ ಯೋಚಿಸಿ ತಮ್ಮದೇ ಒಂದು ಉಪಾಯ ಹುಡುಕಿದ್ದರು. ಭಾಷೆಯ ಟೀಚರಲ್ಲವೇ, ಉಪಾಯವೂ ವ್ಯಾಕರಣದಿಂದಲೇ ಬಂತು. ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಎಡಗಡೆ ನೀನು, ಬಾ, ಹೋಗು, ಏ, ಲೇ, ಕಣೇ, ಕಣೋ ಎಂದು ಬರೆದರು. ಬಲಗಡೆ ನೀವು, ಬನ್ನಿ, ಹೋಗಿ ಎಂದು ಬರೆದರು. ಆಮೇಲೆ ಎಡಗಡೆಯದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದು ಹಾಕಿದರು.

"ಇವತ್ತಿಂದ ಈ ಕ್ಲಾಸಿನಲ್ಲಿ ಏಕವಚನ ಇಲ್ಲ. ಎಲ್ಲರೂ ಎಲ್ಲರಿಗೂ ಬಹುವಚನ. ಅಡ್ಡಹೆಸರೂ ಇಲ್ಲ. ಬಾಯಲ್ಲಿ ಗೌರವ ಬಂದ್ರೆ ಮನಸ್ಸಿಗೂ ಬರತ್ತೆ."

ಅದಕ್ಕೊಂದು ಪುಸ್ತಕ ಬಂತು. ನೂರು ಪುಟದ ಗೆರೆ ಪುಸ್ತಕ, ಮೇಲೆ ಕೆಂಪು ಅಕ್ಷರದಲ್ಲಿ 'ಗೌರವ ಪುಸ್ತಕ'. ಏಕವಚನ ಆಡಿದವರ ಹೆಸರು ಬರೆಯುವುದು ಕ್ಲಾಸ್ ಲೀಡರಿನ ಹೊಣೆ. ಒಂದು ಸಲ ಬಂದರೆ ಒಂದು ಪೀರಿಯಡ್ ನಿಲ್ಲಬೇಕು. ಎರಡು ಸಲ ಬಂದರೆ 'ನಾನು ಎಲ್ಲರಿಗೂ ಗೌರವ ಕೊಡುತ್ತೇನೆ' ಎಂದು ನೂರು ಸಲ ಬರೆಯಬೇಕು. ನಾಲ್ಕು ಸಲವಾದರೆ ಮನೆಗೆ ಪತ್ರ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ಆಯಾಗೂನಾ?"

ಟೀಚರು ಒಂದು ಕ್ಷಣ ಸೀಮೆಸುಣ್ಣವನ್ನು ಬೆರಳುಗಳಲ್ಲಿ ಹೊರಳಿಸಿದರು. "ಮೊದಲು ನಿಮ್ಮನಿಮ್ಮಲ್ಲಿ ಶುರು ಮಾಡಿ. ಅದನ್ನ ಆಮೇಲೆ ನೋಡೋಣ." ಆ ಆಮೇಲೆ ಬರಲೇ ಇಲ್ಲ.

ಮೊದಲ ವಾರ ಎಲ್ಲರಿಗೂ ಅದೊಂದು ಆಟ. ಹುಡುಗರು ಒಬ್ಬರನ್ನೊಬ್ಬರು ಗುದ್ದುತ್ತ, "ದಯವಿಟ್ಟು ಗುದ್ದಬೇಡಿ ಸ್ವಾಮಿ" ಎಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಎರಡನೇ ವಾರ ಆಟ ಸಪ್ಪೆಯಾಯಿತು. ಟೀಚರಿನ ಬೆನ್ನು ತಿರುಗಿದೊಡನೆ ಎಲ್ಲರೂ ಮೊದಲಿನ ಹಾಗೆ ಬಾರೋ, ಹೋಗೇ ಶುರುಮಾಡಿದರು. ಲೀಡರ್ ಕೇಳಿಯೂ ಕೇಳಿಸದವಳ ಹಾಗೆ ಇರುತ್ತಿದ್ದಳು. ಅವಳೂ ಅವರಲ್ಲೊಬ್ಬಳು ತಾನೇ. ಆದರೆ ಒಬ್ಬಳ ಪಾಲಿಗೆ ಮಾತ್ರ ಬಹುವಚನ ಉಳಿದುಕೊಂಡಿತು.

ಅದು ಹೇಗೆ ಶುರುವಾಯಿತೋ ಕುಳ್ಳಿಗೆ ಗೊತ್ತಾಗಲಿಲ್ಲ. ಒಂದು ಬೆಳಗ್ಗೆ ಅವಳು ಬಾಗಿಲಲ್ಲಿ ಕಾಲಿಟ್ಟಾಗ ಲೀಡರ್ ಎದ್ದು ನಿಂತು, ತೀರ ಮೆತ್ತಗೆ, ತೀರ ಸಿಹಿಯಾಗಿ, "ಬನ್ನಿ" ಎಂದಳು. ಅವಳ ಹಿಂದೆ ಸಾಲಾಗಿ ಎಲ್ಲರೂ ಎದ್ದು, "ಬನ್ನಿ, ಬನ್ನಿ" ಎಂದರು. ಗೋಡೆಯ ಚಿತ್ರದಲ್ಲಿದ್ದ ಹಾಗೆಯೇ ಒಂದು ಸಾಲು ಮಕ್ಕಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಮೇಲಾಗಿತ್ತು.

ಆಮೇಲೆ ದಿನವೂ ಅದೇ. ಕುಂಟಾಬಿಲ್ಲೆಗೆ ಹೋದರೆ, "ನೀವು ಆಡಬಾರದು, ನೀವು ದೊಡ್ಡವರು. ಅಲ್ಲಿ ಕೂತು ನೋಡಿ." ನಲ್ಲಿಯ ಹತ್ತಿರ ಸಾಲಿನಲ್ಲಿ ನಿಂತರೆ, "ನೀವು ಕೊನೆಗೆ ಕುಡೀರಿ, ನಿಮಗೆ ನಮ್ಮ ಎಂಜಲು ತಾಗಬಾರದು." ಅವಳು ಕುಡಿದಾದ ಮೇಲೆ ಯಾರೂ ಆ ನಲ್ಲಿ ಮುಟ್ಟುತ್ತಿರಲಿಲ್ಲ. ವರಾಂಡದಲ್ಲಿ ಅವಳು ಬರುವುದು ಕಂಡರೆ ಸಾಕು, ಇಡೀ ಹಿಂಡು ಎರಡೂ ಕಡೆ ಗೋಡೆಗೆ ಬೆನ್ನು ಹಚ್ಚಿ, ಕಾಲು ಹಿಂದಕ್ಕೆಳೆದುಕೊಂಡು, ದಾರಿ ಬಿಟ್ಟು ನಿಲ್ಲುತ್ತಿತ್ತು. ಅವಳ ಲಂಗದ ಅಂಚೂ ತಾಗದಷ್ಟು ದಾರಿ. ಫಿನಾಯಿಲ್ ಎನ್ನುತ್ತಿದ್ದಾಗ ಕನಿಷ್ಠ ಜಡೆ ಹಿಡಿದು ಎಳೆಯುತ್ತಿದ್ದರು, ಬೆನ್ನಿಗೆ ಗುದ್ದುತ್ತಿದ್ದರು. ಈಗ ಅವಳನ್ನು ಮುಟ್ಟಿದವರೇ ಇಲ್ಲ.

ಆ ಗೋಡೆ ಬದಿಯ ಸಾಲನ್ನು ಒಂದು ದಿನ ಆಯಾ ನೋಡಿದಳು. ಮೆಟ್ಟಿಲು ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲೇ ಹಿಡಿದು ಹಾಗೇ ನಿಂತಳು. ಅಂದು ಸಂಜೆ ಮನೆಯಲ್ಲಿ ಅವಳ ಬಾಯಿ ನಿಲ್ಲಲಿಲ್ಲ.

"ಹೆಡ್‌ಮಾಸ್ಟರಿಗೆ ಬಿಡ್ತಾರಲ್ಲ, ಹಂಗೆ ದಾರಿ ಬಿಟ್ರು ಕಣೇ ನಿಂಗೆ. 'ಬನ್ನಿ' ಅಂದ್ರು. ನಾನು ಈ ಕಿವಿಯಲ್ಲಿ ಕೇಳಿದೆ. ನನ್ನ ಜನ್ಮದಲ್ಲಿ ನಂಗೆ ಒಬ್ರೂ ಅಂದಿಲ್ಲ, ಮದುವೇಲೂ ಅಂದಿಲ್ಲ. ನಿಂಗೆ ಹನ್ನೊಂದು ವರ್ಷಕ್ಕೇ ಸಿಕ್ತು."

"ಅಮ್ಮ, ನಿಂಗೆ ಗೊತ್ತಾಗಲ್ಲ."

"ನಂಗೆಲ್ಲಿ ಗೊತ್ತಾಗತ್ತೆ ಅದೆಲ್ಲ" ಎಂದು ಅಮ್ಮ ನಕ್ಕಳು. ಫಿನಾಯಿಲಿಗೆ ಬಿರಿದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಇನ್ನೂ ನಗುತ್ತಲೇ ಇದ್ದಳು. ಆ ನಗು ನೋಡಿ ಕುಳ್ಳಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಹೇಳಿದ್ದರೆ ಅಮ್ಮನಿಗೆ ಸಿಕ್ಕ ಒಂದೇ ಒಂದು ಸಂತೋಷಕ್ಕೆ ಅವಳೇ ಕಲ್ಲು ಹಾಕಿದ ಹಾಗಾಗುತ್ತಿತ್ತು.

ಟೀಚರಿಗಾದರೂ ಹೇಳೋಣ ಎಂದು ಸ್ಟಾಫ್ ರೂಮಿನ ಬಾಗಿಲಿಗೆ ಹೋದಳು.

"ಟೀಚರ್, ಅವರೆಲ್ಲ ನಂಗೆ ನೀವು ಅಂತಾರೆ."

"ಹೌದಲ್ಲಮ್ಮ, ಅನ್ಬೇಕು."

"ಬನ್ನಿ ಅಂತಾರೆ, ಟೀಚರ್."

"ಮತ್ತೆ? ಬಾರೇ ಅಂದ್ರಾ ಯಾರಾದ್ರೂ? ಹೇಳು, ಬರೆಸ್ತೀನಿ ಹೆಸರು."

"ಇಲ್ಲ. ಬನ್ನಿ ಅಂತಾನೇ ಅಂತಾರೆ."

ಟೀಚರು ತಿದ್ದುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ಅವಳನ್ನು ಪ್ರೀತಿಯಿಂದ ನೋಡಿದರು. "ಇನ್ನೂ ಅಭ್ಯಾಸ ಆಗಿಲ್ಲ ನಿಂಗೆ. ಆಗತ್ತೆ. ಹೋಗು."

ಕ್ಲಾಸಿನ ಮೂಲೆಯಲ್ಲಿ ದೂರಿನ ಪೆಟ್ಟಿಗೆಯೊಂದಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹಾಕಿ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಕುಳ್ಳಿ ಒಂದು ಚೀಟಿ ಬರೆದಳು. ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಪೆಟ್ಟಿಗೆಗೆ ಹಾಕಿದಳು. 'ಮೊದಲು ನನ್ನನ್ನು ಫಿನಾಯಿಲ್ ಎನ್ನುತ್ತಿದ್ದರು. ಈಗ ಎಲ್ಲರೂ ನನಗೆ ನೀವು, ಬನ್ನಿ ಎನ್ನುತ್ತಾರೆ. ದಾರಿ ಬಿಡುತ್ತಾರೆ. ನನಗೆ ದಿನವೂ ಅಳು ಬರುತ್ತದೆ.'

ಶುಕ್ರವಾರ ಟೀಚರು ಪೆಟ್ಟಿಗೆ ತೆರೆದರು. ಚೀಟಿ ಓದಿದರು. ಅವರ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

"ನೋಡಿದ್ರಾ ಮಕ್ಕಳೇ? ದೂರು ಕೇಳಿದ್ರೆ ಈ ಹುಡುಗಿ ಕೃತಜ್ಞತೆ ಬರೆದು ಹಾಕಿದಾಳೆ. ಸಂತೋಷಕ್ಕೆ ಅಳು ಬರತ್ತಂತೆ. ಚಪ್ಪಾಳೆ ತಟ್ಟಿ."

ಕ್ಲಾಸು ಚಪ್ಪಾಳೆ ತಟ್ಟಿತು. ಲೀಡರ್ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು. ದಿನವೂ ಅಳು ಬರುತ್ತದೆ ಎಂಬುದು ಅಲ್ಲಿಯವರೆಗೆ ಅವರಿಗೆ ಖಾತ್ರಿಯಿರಲಿಲ್ಲ. ಈಗ ಟೀಚರ ಬಾಯಿಂದಲೇ ಖಾತ್ರಿಯಾಯಿತು.

ಇಷ್ಟರ ನಡುವೆಯೂ ಕಡ್ಡಿ ಇದ್ದಳು. ಕಡ್ಡಿಗೆ ಬಹುವಚನ ನಾಲಿಗೆಗೆ ಹತ್ತಲೇ ಇಲ್ಲ. ಕುಳ್ಳಿಗೆ ಬನ್ನಿ ಎನ್ನುವುದೆಂದರೆ ಅವಳಿಗೆ ತನ್ನ ಕಾಲಿಗೇ ನಮಸ್ಕಾರ ಮಾಡಿದ ಹಾಗೆ ಆಗುತ್ತಿತ್ತು. ಆದರೆ ಲೀಡರಿನ ಕಿವಿ ಬೇರೆಲ್ಲೂ ನಿಮಿರದಿದ್ದರೂ ಆ ಬೆಂಚಿನ ಕಡೆ ಸದಾ ನಿಮಿರಿಯೇ ಇರುತ್ತಿತ್ತು. ಇಡೀ ಕ್ಲಾಸು ಏಕವಚನದಲ್ಲಿ ಕಿರುಚಾಡುತ್ತಿದ್ದರೂ, "ಸ್ಕೇಲ್ ಕೊಡೇ" ಎಂಬ ಕಡ್ಡಿಯ ಪಿಸುಮಾತೊಂದೇ ಪುಸ್ತಕಕ್ಕೆ ಏರುತ್ತಿತ್ತು. ಹಾಗೆ ಒಂದು ಸಲ ನಿಂತಳು. ಇನ್ನೊಂದು ಸಲ ನೂರು ಸಾಲು ಬರೆದಳು. ಮೂರನೇ ಸಲ ಮತ್ತೆ ನೂರು ಬರೆದಳು. ಗೌರವ ಪುಸ್ತಕದಲ್ಲಿ ಆಮೇಲೆ ಬಂದ ಹೆಸರೆಂದರೆ ಅವಳದೊಂದೇ.

ನಾಲ್ಕನೆಯ ಸಲಕ್ಕೆ ಅಪ್ಪನಿಗೆ ಪತ್ರ. ಡ್ರೈವರ್ ಅಪ್ಪ ದಿನವಿಡೀ ರಸ್ತೆಯಲ್ಲಿ ಯಾರ್‍ಯಾರಿಂದಲೋ ಬೈಸಿಕೊಂಡು ಬಂದು, ಅದನ್ನೆಲ್ಲ ಮನೆಯಲ್ಲಿ ಸೊಂಟದ ಬೆಲ್ಟಿನಿಂದ ತೀರಿಸಿಕೊಳ್ಳುವವನು. ಹಾಗಾಗಿ ಕಡ್ಡಿ ಒಂದು ದಾರಿ ಕಂಡುಕೊಂಡಳು. ನೀನೂ ಇಲ್ಲದ, ನೀವೂ ಇಲ್ಲದ ಮಾತು.

"ಊಟ ಆಯ್ತಾ?" "ನಾಳೆ ಗಣಿತದ ಪುಸ್ತಕ ತರೋದಾ?" "ಪೆನ್ಸಿಲ್ ಬೇಕಿತ್ತು." "ಸಂಜೆ ಗೇಟಿನ ಹತ್ರ ಸಿಗೋದು."

ಕುಳ್ಳಿಗೆ ತಕ್ಷಣ ಅರ್ಥವಾಯಿತು. ಅವಳೂ ಹಾಗೇ ಉತ್ತರ ಕೊಟ್ಟಳು. "ಆಯ್ತು." "ತರೋದು." ಇಬ್ಬರೂ ಆ ಸಂದಿಯಲ್ಲಿ ತೂರಿಕೊಂಡು ಎರಡು ವಾರ ಬದುಕಿದರು. ಆದರೆ ಹಾಗೆ ಎಷ್ಟೆಂದು ಮಾತಾಡಲಾದೀತು? ಜಗಳವಾಡಲು ನೀನು ಬೇಕು, ರೇಗಿಸಲು ಕಣೇ ಬೇಕು. ಒಂದೊಂದೇ ಮಾತು ಕಡಿಮೆಯಾಗಿ, ಕೊನೆಗೆ ಊಟ ಆಯ್ತಾ ಎಂಬುದೊಂದೇ ಉಳಿಯಿತು.

ಆಗ ನಾಟಕ ಬಂತು. ಶಾಲೆಗಳಲ್ಲಿ ಗೌರವದ ಪಾಠ ಹೇಗೆ ನಡೆದಿದೆ ಎಂದು ನೋಡಲು ಮೇಲಿನ ಕಚೇರಿಯಿಂದ ಸಾಹೇಬರು ಬರುವವರಿದ್ದರು. ಆ ಚೀಟಿಯೇ ಟೀಚರಿಗೆ ನಾಟಕವಾಗಿ ಕಂಡಿತು. ಎರಡೇ ದೃಶ್ಯ, ಎರಡೇ ಪಾತ್ರ. ಮೊದಲನೆಯದರಲ್ಲಿ ಕೆಟ್ಟ ಮಾತಾಡುವ ಹುಡುಗಿ, ಅಳುವ ಹುಡುಗಿ. ಎರಡನೆಯದರಲ್ಲಿ ತಿದ್ದಿಕೊಂಡ ಹುಡುಗಿ, ನಗುವ ಹುಡುಗಿ. ಅಳುವವಳು ಯಾರೆಂದು ಯೋಚಿಸಬೇಕಾಗಿರಲಿಲ್ಲ. ಕೆಟ್ಟವಳಿಗಾಗಿ ಟೀಚರು ಗೌರವ ಪುಸ್ತಕ ತೆರೆದು ನೋಡಿದರು.

"ನಿನ್ನ ಹೆಸರೇ ಮೂರು ಸಲ ಇದೆಯಲ್ಲೇ" ಎಂದು ಕಡ್ಡಿಯನ್ನು ಕರೆದರು. "ಚೆನ್ನಾಗಿ ಮಾಡಿದ್ರೆ ಮೂರೂ ಹೊಡೆದು ಹಾಕಿಸ್ತೀನಿ. ಈಗ ಹೇಳು, ಮೊದಲು ಇವಳ ಹತ್ರ ಹೇಗೆ ಮಾತಾಡ್ತಿದ್ದೆ? ಇದ್ದಿದ್ದನ್ನ ಇದ್ದ ಹಾಗೇ ಹೇಳು, ನಾಚ್ಕೋಬೇಡ."

ಕಡ್ಡಿ ಕುಳ್ಳಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಏ ಕುಳ್ಳಿ, ಬಾರೇ ಇಲ್ಲಿ. ನನ್ನ ಪಕ್ಕ ಕೂತ್ಕೋಳೇ. ನಿನ್ನ ಡಬ್ಬೀಲಿ ಏನಿದೆ, ತೋರಿಸೇ."

"ಅಬ್ಬಬ್ಬಾ" ಎಂದು ಟೀಚರು ತಲೆ ಅಲ್ಲಾಡಿಸಿ ಎಲ್ಲವನ್ನೂ ಬರೆದುಕೊಂಡರು.

ಎಂಟು ದಿನ ಅಭ್ಯಾಸ. ಖಾಲಿ ಪ್ರಯೋಗಾಲಯದಲ್ಲಿ, ಮುರಿದ ಸ್ಟೂಲುಗಳ ನಡುವೆ, ದಿನಕ್ಕೆ ಹತ್ತು ಸಲ, ಟೀಚರ ಅಪ್ಪಣೆಯಿಂದಲೇ, ಕಡ್ಡಿ ಅವಳನ್ನು ಬಾರೇ ಎಂದು ಕರೆದಳು. ಕುಳ್ಳಿಗೆ ಆ ಎಂಟು ದಿನ ಹಬ್ಬ. ಸಮಸ್ಯೆ ಎಂದರೆ ಅವಳು ಅಳಬೇಕಾಗಿತ್ತು. ಏ ಕುಳ್ಳಿ ಎಂಬುದು ಕಿವಿಗೆ ಬಿದ್ದ ಕೂಡಲೇ ಅವಳ ಮುಖ ತಾನಾಗಿ ಅರಳಿಬಿಡುತ್ತಿತ್ತು.

"ಅಳೇ ಹುಡುಗಿ. ನಿನ್ನ ಮರ್ಯಾದೆ ತೆಗೀತಿದಾಳೆ ಅವಳು. ಹಲ್ಲು ಕಿರಿಯೋದಾ ಅಲ್ಲಿ?" ಎಂದು ಟೀಚರು ಗದರುವರು. ಎರಡನೇ ದೃಶ್ಯದಲ್ಲಿ ಕಡ್ಡಿ ಕೈ ಮುಂದೆ ಚಾಚಿ, "ಬನ್ನಿ, ಕೂತ್ಕೊಳ್ಳಿ. ನೀವು ನಮ್ಮ ಗೆಳತಿ" ಎನ್ನಬೇಕು, ಕುಳ್ಳಿ ನಗಬೇಕು. ಅಲ್ಲಿ ಅವಳ ಮುಖ ಬಾಡಿಹೋಗುತ್ತಿತ್ತು. ಟೀಚರು ಹಣೆ ಚಚ್ಚಿಕೊಂಡರು. ಇಷ್ಟು ಸುಲಭದ ಪಾತ್ರವನ್ನೂ ತಿರುವುಮುರುವು ಮಾಡುವ ಮಗುವನ್ನು ಅವರು ನೋಡಿರಲಿಲ್ಲವಂತೆ.

ಕೊನೆಯ ಅಭ್ಯಾಸದ ದಿನ ಇಬ್ಬರೇ ಸ್ಟೂಲು ಜೋಡಿಸುತ್ತಿದ್ದಾಗ ಕಡ್ಡಿ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. "ನಾಳೆ ನನ್ನ ಹೆಸರು ಹೊಡೆದು ಹಾಕ್ತಾರೆ ಕಣೇ. ಆಮೇಲೆ ಹೊಸದಾಗಿ ಮೂರು ಸಲ ಸಿಗತ್ತೆ. ಮೂರು ಸಲ ಧೈರ್ಯವಾಗಿ ಮಾತಾಡ್ಬಹುದು."

"ಬರೀ ಮೂರಾ?"

"ನೋಡ್ಕೊಂಡು ಖರ್ಚು ಮಾಡೋಣ. ಮೊದಲನೇದು ನಾಳೇನೇ. ನಾಟಕ ಮುಗಿದ ತಕ್ಷಣ. ಲೀಡರ್ ಎದುರಿಗೇ ಕರೀತೀನಿ ನೋಡು, ಕುಳ್ಳಿ ಅಂತ."

"ಆಣೆ?"

"ಆಣೆ ಕಣೇ."

ಆ ರಾತ್ರಿ ಕುಳ್ಳಿಗೆ ಚೆನ್ನಾಗಿ ನಿದ್ದೆ ಬಂತು. ಎಲ್ಲರೆದುರಿಗೆ ಒಂದೇ ಒಂದು ಸಲ ಕುಳ್ಳಿ ಎನ್ನಿಸಿಕೊಂಡರೆ ಸಾಕಿತ್ತು ಅವಳಿಗೆ.

ಮರುದಿನ ಸಭಾಂಗಣ ತುಂಬಿತ್ತು. ಸಾಹೇಬರು ಮುಂದಿನ ಮೆತ್ತನೆಯ ಕುರ್ಚಿಯಲ್ಲಿ, ಪಕ್ಕದಲ್ಲಿ ಹೆಡ್‌ಮಾಸ್ಟರು. ಆಯಾ ಎಲ್ಲರ ಹಿಂದೆ, ಬಾಗಿಲ ಹತ್ತಿರ, ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಿದ್ದಳು.

ಪರದೆ ಸರಿಯಿತು. ಕಡ್ಡಿ ಸೊಂಟಕ್ಕೆ ಕೈಕೊಟ್ಟು ಸಭಾಂಗಣ ನಡುಗುವಂತೆ ಕೂಗಿದಳು. "ಏ ಕುಳ್ಳಿ, ಬಾರೇ ಇಲ್ಲಿ." ನಲವತ್ತು ದಿನದಿಂದ ನುಂಗಿಟ್ಟುಕೊಂಡದ್ದೆಲ್ಲ ಆ ಕೂಗಿನಲ್ಲಿ ಇತ್ತು. ಕುಳ್ಳಿ ಅಳುವುದನ್ನು ಮರೆತು ನಕ್ಕೇಬಿಟ್ಟಳು, ಮುಖ ಮುಚ್ಚಿಕೊಂಡು ನಕ್ಕಳು. ಮುಖ ಮುಚ್ಚಿಕೊಂಡು ಭುಜ ಕುಲುಕಿದರೆ ದೂರದಿಂದ ಅತ್ತ ಹಾಗೆಯೇ ಕಾಣುತ್ತದೆ. ಸಾಹೇಬರು ಛೆ ಛೆ ಎಂದರು.

ಎರಡನೇ ದೃಶ್ಯ. ಕಡ್ಡಿ ಕೈ ಚಾಚಿದಳು. "ಬನ್ನಿ, ಕೂತ್ಕೊಳ್ಳಿ. ನೀವು ನಮ್ಮ ಗೆಳತಿ." ನಾಟಕವೆಂದು ಗೊತ್ತಿದ್ದರೂ, ಮುಗಿದ ತಕ್ಷಣ ಆಣೆಯಿದೆ ಎಂದು ಗೊತ್ತಿದ್ದರೂ, ಆ ಬಾಯಿಂದ ಆ ಮಾತು ಅಷ್ಟು ಗಟ್ಟಿಯಾಗಿ ಬಂದದ್ದು ಇದೇ ಮೊದಲು. ಕುಳ್ಳಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಇಡೀ ಸಭಾಂಗಣ ಎದ್ದು ನಿಂತಿತು. ಆನಂದಬಾಷ್ಪ ಎಂಬ ಪದವನ್ನು ಅವರು ತಮ್ಮ ಭಾಷಣದಲ್ಲಿ ಐದು ಸಲ ಬಳಸಿದರು. ಈ ಕ್ಲಾಸಿನಿಂದ ಉಳಿದ ಶಾಲೆಗಳೂ ಕಲಿಯಬೇಕು ಎಂದು ಒಂದು ಫಲಕವನ್ನೂ ಕೊಟ್ಟರು.

ಪರದೆಯ ಹಿಂದೆ ಗದ್ದಲವೋ ಗದ್ದಲ. ಲೀಡರ್ ಎಲ್ಲರೂ ನೋಡುವ ಹಾಗೆ ಗೌರವ ಪುಸ್ತಕ ತೆರೆದು ಕಡ್ಡಿಯ ಹೆಸರನ್ನು ಮೂರೂ ಕಡೆ ಹೊಡೆದು ಹಾಕಿದಳು. ಆಮೇಲೆ, ಇದುವರೆಗೆ ಎಂದೂ ಮಾಡದಿದ್ದದ್ದು, ಕಡ್ಡಿಯ ಹೆಗಲ ಮೇಲೆ ಕೈ ಹಾಕಿದಳು. "ಏನ್ ಚೆನ್ನಾಗಿ ಮಾಡಿದೆ ಕಣೇ. ನಂಗೇ ನಡುಕ ಬಂತು. ನಾಳೆಯಿಂದ ನಮ್ಮ ಬೆಂಚಿಗೆ ಬಾರೇ."

"ಬಾರೇ, ಬಾರೇ" ಎಂದು ಉಳಿದವರೂ ಮುತ್ತಿದರು. ಕಡ್ಡಿಯ ಕೆನ್ನೆ ಕೆಂಪಾಯಿತು. ಇಷ್ಟು ಜನ ಒಟ್ಟಿಗೆ ಅವಳನ್ನು ಬಾರೇ ಎಂದದ್ದು ಅವಳ ಜೀವನದಲ್ಲಿ ಇರಲಿಲ್ಲ.

ಕುಳ್ಳಿ ಗುಂಪಿನ ಅಂಚಿನಲ್ಲಿ ನಿಂತು ಕಾದಳು. ಸ್ವಲ್ಪ ಹೊತ್ತು ಕಾದು, ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ನಗುತ್ತ, "ಕಡ್ಡಿ" ಎಂದಳು.

ಎಲ್ಲರೂ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಆ ದಾರಿಯ ಒಂದು ತುದಿಗೆ ಕುಳ್ಳಿ, ಇನ್ನೊಂದು ತುದಿಗೆ ಕಡ್ಡಿ. ಕಡ್ಡಿಯ ಹೆಗಲ ಮೇಲಿನ ಕೈ ಹಾಗೇ ಇತ್ತು, ಆದರೆ ಹಗುರವಾಯಿತು, ತೆಗೆಯಬೇಕೋ ಬೇಡವೋ ಎಂದು ನೋಡುವ ಹಾಗೆ. ಲೀಡರ್ ಪುಸ್ತಕ ತೆರೆಯಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿ, ಕಡ್ಡಿಯ ಮುಖವನ್ನೇ ನೋಡಿದಳು.

ಕಡ್ಡಿ ಲೀಡರಿನ ಜೇಬಿನ ಪೆನ್ನನ್ನು ನೋಡಿದಳು. ಊಟ ಆಯ್ತಾ ಎಂದಾದರೂ ಕೇಳಬಹುದಿತ್ತು. ಅದರಲ್ಲಿ ಯಾವ ವಚನವೂ ಇರಲಿಲ್ಲ, ಯಾರ ಹೆಸರೂ ಪುಸ್ತಕಕ್ಕೆ ಏರುತ್ತಿರಲಿಲ್ಲ.

"ನಾಟಕ ಮುಗೀತಲ್ಲ" ಎಂದಳು ಕಡ್ಡಿ. "ನೀವು ಹೋಗಿ. ನಿಮ್ಮ ತಾಯಿಯವರು ಕಾಯ್ತಿರ್ತಾರೆ, ಪೊರಕೆ ಹಿಡ್ಕೊಂಡು."

ಗುಂಪಿನಲ್ಲಿ ಮೊದಲು ಯಾರೋ ಫುಸ್ಸೆಂದರು, ಆಮೇಲೆ ಎಲ್ಲರೂ ನಕ್ಕರು. ಪೊರಕೆಯ ಮಾತು ಯಾರೂ ಹೇಳಿಕೊಟ್ಟದ್ದಲ್ಲ, ಕಡ್ಡಿಯದೇ. ಅವಳೂ ನಕ್ಕಳು, ಆದರೆ ಕುಳ್ಳಿಯನ್ನು ನೋಡಲಿಲ್ಲ. ಹೆಗಲ ಮೇಲಿನ ಕೈ ಮತ್ತೆ ಭದ್ರವಾಗಿ ಕೂತಿತು.

ಆ ದಿನ ಅರ್ಧ ದಿನವೇ ಶಾಲೆ. ಕುಳ್ಳಿ ಒಬ್ಬಳೇ ಮನೆಗೆ ನಡೆದಳು. ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಓಣಿ, ಓಣಿಯ ಕೊನೆಗೆ ಒಂದೇ ಕೋಣೆಯ ಮನೆ. ಬಾಗಿಲು ತೆಗೆದು, ಚೀಲ ಇಳಿಸದೆ, ಗೋಡೆಗೆ ಒರಗಿ ನಿಂತಳು. ಚೀಲದಿಂದ ಇನ್ನೂ ಫಿನಾಯಿಲ್ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.

ಸಭಾಂಗಣ ಗುಡಿಸಿ, ಕುರ್ಚಿ ಮಡಚಿಟ್ಟು ಅಮ್ಮ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅವಳ ಕಾಲು ನೆಲದ ಮೇಲಿರಲಿಲ್ಲ.

"ಆ ಸಾಹೇಬ್ರು ಹೋಗ್ತಾ ಹೋಗ್ತಾ ನನ್ನ ಹತ್ರಾನೇ ನಿಂತ್ರು ಕಣೇ. ಹೆಡ್‌ಮಾಸ್ಟರು ನನ್ನ ತೋರಿಸಿದ್ರು. 'ನಿಮ್ಮ ಮಗಳಾ?' ಅಂದ್ರು. ನಿಮ್ಮ ಅಂದ್ರು ಕಣೇ, ನಿನ್ನ ಅನ್ಲಿಲ್ಲ. ನಂಗೆ ಹೂಂ ಅನ್ನೋಕೂ ಬಾಯಿ ಬರ್ಲಿಲ್ಲ. ಪೊರಕೆ ಬೇರೆ ಕೈಯಲ್ಲಿ. ನಾಚಿಕೆ ಆಗೋಯ್ತು."

ಅವಳು ಮಾತಾಡುತ್ತಲೇ ಒಲೆ ಹಚ್ಚಿದಳು, ಬೆಳಗಿನ ಊಟ ಬಿಸಿಮಾಡಿದಳು, ಮಗಳಿಗೆಂದು ಒಂದು ಮೊಟ್ಟೆಯನ್ನೂ ಬೇಯಿಸಿದಳು. ತಟ್ಟೆ ಹಾಕಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಮಗಳ ಕಡೆ ತಿರುಗಿ, ವೇದಿಕೆಯ ಮೇಲೆ ಕಡ್ಡಿ ಮಾಡಿದ ಹಾಗೆಯೇ ಕೈ ಮುಂದೆ ಚಾಚಿದಳು. ಮುಖದ ತುಂಬ ನಗು.

"ಬನ್ನಿ ಮೇಡಂ. ಊಟಕ್ಕೆ ಬನ್ನಿ. ಕೂತ್ಕೊಳ್ಳಿ."

ಕುಳ್ಳಿಗೆ ಆ ಕ್ಷಣ ತನ್ನ ಬಾಯಲ್ಲಿ ಏನು ಬರುತ್ತದೆಂದು ಗೊತ್ತಿರಲಿಲ್ಲ. ಇಷ್ಟು ದಿನ ಕೇಳಿ ಕೇಳಿ ಅದು ಅವಳ ನಾಲಿಗೆಯ ಮೇಲೆಯೇ ಕೂತಿತ್ತೇನೋ. ಹುಟ್ಟಿದಾಗಿನಿಂದ ಅಮ್ಮನನ್ನು ನೀನು ಎಂದೇ ಕರೆದವಳು, ತೀರ ಮೆತ್ತಗೆ, ತೀರ ಸಿಹಿಯಾಗಿ ಹೇಳಿದಳು.

"ನೀವು ಮಾಡಿ. ನಿಮಗೆ ಹಸಿವಾಗಿರತ್ತೆ, ಪಾಪ. ದಣಿದು ಬಂದಿದ್ದೀರಿ."

ಅಮ್ಮ ನಗಲು ಹೋದಳು. ಮಗಳು ತಮಾಷೆ ಮಾಡುತ್ತಿದ್ದಾಳೆಂದು ನಗು ಅರ್ಧ ಬಂತು, ಅಲ್ಲೇ ನಿಂತಿತು. ಜೀವಮಾನವಿಡೀ ಬೇರೆಯವರ ದನಿಯ ಏರಿಳಿತ ನೋಡಿಕೊಂಡೇ ಕೆಲಸ ಉಳಿಸಿಕೊಂಡವಳು ಅವಳು. ಯಾವ ದನಿಯಲ್ಲಿ ಏನಿದೆ ಎಂದು ಅವಳ ಕಿವಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಅವಳು ಮಗಳ ಮುಖ ನೋಡಿದಳು. ಆಮೇಲೆ, ವರಾಂಡದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಆ ಎರಡು ಸಾಲು ಮಕ್ಕಳನ್ನು ಈಗ ಎರಡನೇ ಸಲ ನೋಡುತ್ತಿರುವವಳ ಹಾಗೆ, ಮಗಳ ಹಿಂದಿನ ಗೋಡೆಯನ್ನು ನೋಡಿದಳು.

"ಯಾವತ್ತಿಂದನೇ?" ಎಂದಳು.

ಆ ಸಣ್ಣ ಕೋಣೆಯಲ್ಲಿ ಅಮ್ಮ ತಟ್ಟೆ ಹಿಡಿದು ಅವಳ ಕಡೆ ಬರುತ್ತಿದ್ದಳು. ಕುಳ್ಳಿ ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ, ಕಾಲು ಹಿಂದಕ್ಕೆಳೆದುಕೊಂಡು, ಅಮ್ಮನಿಗೆ ದಾರಿ ಬಿಟ್ಟು ನಿಂತಳು.